ಗಡ್ಡೆ ಕರಗಿತು ಎಂದು ಕುಣಿಯುವ ಮುನ್ನ: ಕ್ಯಾನ್ಸರ್ ಪ್ರತಿರಕ್ಷಾ ಪ್ರಯೋಗಗಳಿಗೊಂದು ದೋಷ ನಿವಾರಣೆ ಕೈಪಿಡಿ

ಆರು ಇಲಿ. ಆರಕ್ಕೂ ಸಿಟಿ26 ಎಂಬ, ಇಲಿಯ ಕರುಳಿನ ಕ್ಯಾನ್ಸರಿನ ಕೋಶ ಚುಚ್ಚಿದ್ದೆವು. ಹತ್ತನೆಯ ದಿನ ಎಲ್ಲಕ್ಕೂ ಬಟಾಣಿ ಗಾತ್ರದ ಗಡ್ಡೆ ಕೈಗೆ ಸಿಗುತ್ತಿತ್ತು. ಹದಿನೆಂಟನೆಯ ದಿನ ಕ್ಯಾಲಿಪರ್ ಹಿಡಿದು ಹೋದರೆ ನಾಲ್ಕು ಇಲಿಗಳಲ್ಲಿ ಅಳೆಯಲು ಏನೂ ಉಳಿದಿರಲಿಲ್ಲ. ಔಷಧಿ ಕೊಟ್ಟ ಗುಂಪಾಗಿದ್ದರೆ ಅಂದೇ ಮೈಸೂರು ಪಾಕ್ ತರಿಸುತ್ತಿದ್ದೆವು. ಆದರೆ ಇದು ಬರೀ ಸಲೈನ್ ಕೊಟ್ಟ ಗುಂಪು.

ಪಕ್ಕದ ಪಂಜರದಲ್ಲಿದ್ದವಕ್ಕೆ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ನಾವೇ ತಯಾರಿಸಿದ ಪ್ರೋಟೀನು ಕೊಟ್ಟಿದ್ದೆವು. ಅಲ್ಲಿ ಆರಕ್ಕೆ ಆರೂ ಕರಗಿದ್ದವು. ಸಲೈನ್ ಗುಂಪನ್ನು ಖರ್ಚು ಉಳಿಸಲು ಕೈಬಿಟ್ಟಿದ್ದರೆ (ಆ ಮಾತು ಬಂದಿತ್ತು) ಆರಕ್ಕೆ ಆರು ಎಂಬ ಅಂಕಿ ನೇರ ಪೋಸ್ಟರಿನ ಮೇಲೆ ಏರುತ್ತಿತ್ತು. ಆ ಪ್ರಯೋಗವನ್ನು ಬಿಚ್ಚುತ್ತ ಹೋದಾಗ ಒಂದರ ಕೆಳಗೊಂದು ಮೂರು ದೋಷ ಸಿಕ್ಕವು. ಅವುಗಳ ಜಾಡಿನಲ್ಲೇ ಈ ಕೈಪಿಡಿ ಬರೆದಿದ್ದೇನೆ. ನಮಗೆ ಸಿಗದೆ ಬೇರೆಯವರಿಗೆ ಸಿಕ್ಕ ದೋಷಗಳೂ ನಡುನಡುವೆ ಬರುತ್ತವೆ.

ಮೊದಲಿಗೆ ಒಂದು ಮಾತು. ರಸಾಯನಶಾಸ್ತ್ರದವರ ಟ್ಯೂಬಿಗೆ ಒಂದಿಷ್ಟು ಕೊಳೆ ಬಿದ್ದರೆ ಇಳುವರಿ ಕುಗ್ಗುತ್ತದೆ, ಕೆಲಸ ಕೆಟ್ಟದ್ದು ಗೊತ್ತಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಪರಕೀಯವಾದದ್ದನ್ನು ಹುಡುಕಿ ಅದರ ಮೇಲೆ ಬೀಳುವುದೇ ಪ್ರತಿರಕ್ಷಾ ವ್ಯವಸ್ಥೆಯ ಕಸುಬು. ಟ್ಯೂಬಿನಲ್ಲಿ ಕೊಳೆ ಇದ್ದರೆ ಅದು ಕೊಳೆಗೂ ಉತ್ತರ ಕೊಡುತ್ತದೆ, ಅದೂ ಅಚ್ಚುಕಟ್ಟಾಗಿ, ಮತ್ತೆ ಮತ್ತೆ, ಒಳ್ಳೆಯ ಪಿ ಮೌಲ್ಯದೊಂದಿಗೆ, ಅಂದರೆ ಇದು ಆಕಸ್ಮಿಕವಲ್ಲ ಎನ್ನುವ ಅಂಕಿಯೊಂದಿಗೆ. ಹಾಗಾಗಿ ಯಾವ ವಿಚಿತ್ರ ಫಲಿತಾಂಶ ಬಂದರೂ ನಾನು ಮೊದಲು ಕೇಳುವುದು ಒಂದೇ: ಇಲ್ಲಿ ಇಲಿಯ ಟಿ ಕೋಶಗಳು (ಪರಕೀಯವನ್ನು ಗುರುತಿಸುವ ಬಿಳಿರಕ್ತಕೋಶಗಳು) ಕಂಡದ್ದು ಗಡ್ಡೆಯನ್ನೋ, ಗಡ್ಡೆಯ ಜೊತೆ ನಾವು ಕಳಿಸಿದ ಇನ್ನೇನನ್ನೋ?

ಲಕ್ಷಣ: ಗಡ್ಡೆ ಹಿಡಿಯುವುದಿಲ್ಲ, ಹಿಡಿದದ್ದು ತಾನಾಗಿ ಕರಗುತ್ತದೆ

ಈ ದೋಷ ಈ ಶಾಸ್ತ್ರದಷ್ಟೇ ಹಳೆಯದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಒಂದು ಇಲಿಯ ಗಡ್ಡೆಯನ್ನು ಇನ್ನೊಂದಕ್ಕೆ ಕಸಿ ಮಾಡಿ, ಅದು ಉದುರಿಹೋದಾಗ ಕ್ಯಾನ್ಸರಿಗೆ ಪ್ರತಿರಕ್ಷೆ ಸಿಕ್ಕಿತೆಂದು ಸಂಭ್ರಮಿಸಿದವರು ಬಹಳ ಮಂದಿ. ಇಲಿಗಳು ಹೊರದಬ್ಬಿದ್ದು ಕ್ಯಾನ್ಸರನ್ನಲ್ಲ, ಬೇರೊಂದು ಇಲಿಯ ಮಾಂಸವನ್ನು. ತಲೆಮಾರುಗಟ್ಟಲೆ ಒಡಹುಟ್ಟುಗಳನ್ನೇ ಕೂಡಿಸಿ ಬೆಳೆಸಿದ ಏಕರೂಪ ತಳಿಗಳು ಬಂದ ಮೇಲೆಯೇ ಈ ಗೊಂದಲ ಬಗೆಹರಿದದ್ದು. 1957ರಲ್ಲಿ ರಿಚ್ಮಂಡ್ ಪ್ರೆನ್ ಮತ್ತು ಜೋನ್ ಮೇನ್ ಮೀಥೈಲ್‌ಕೊಲಾಂತ್ರೀನ್ ಎಂಬ ರಾಸಾಯನಿಕದಿಂದ ಹುಟ್ಟಿಸಿದ ಗಡ್ಡೆಗಳ ಮೇಲೆ ಕೆಲಸ ಮಾಡುವಾಗ, ಗಡ್ಡೆ ಹುಟ್ಟಿದ ಇಲಿಯ ಚರ್ಮವನ್ನೂ ಕಸಿ ಮಾಡಿ ನೋಡಿದರು. ಚರ್ಮ ಅಂಟಿಕೊಂಡಿತು, ಗಡ್ಡೆ ಮಾತ್ರ ನಿಲ್ಲಲಿಲ್ಲ. ಆ ಚರ್ಮದ ಕಂಟ್ರೋಲ್, ಅಂದರೆ ಹೋಲಿಕೆಯ ಪ್ರಯೋಗ, ಇರದಿದ್ದರೆ ಅವರ ಮಾತಿಗೂ ಹಿಂದಿನವರ ಗತಿಯೇ ಆಗುತ್ತಿತ್ತು.

ಈಗ ಎಲ್ಲರೂ ಏಕರೂಪ ತಳಿಯನ್ನೇ ಬಳಸುತ್ತೇವೆ: ಸಿಟಿ26 ಮತ್ತು 4ಟಿ1 ಬಾಲ್ಬ್/ಸಿ ಇಲಿಗೆ, ಬಿ16 ಮತ್ತು ಎಂಸಿ38 ಸಿ57ಬಿಎಲ್/6 ಇಲಿಗೆ. ಹಾಗೆಂದು ದೋಷ ಹೋಗಲಿಲ್ಲ, ವೇಷ ಬದಲಿಸಿತು. ಕೋಶದ ಗುರುತಿಗೆ ಹಾಕುವ, ಬೆಳಕು ಸೂಸುವ ಮಿಂಚುಹುಳದ ಲೂಸಿಫೆರೇಸ್ ಕಿಣ್ವ, ಹಸಿರಾಗಿ ಹೊಳೆಯುವ ಅಂಬಲಿಮೀನಿನ ಜಿಎಫ್‌ಪಿ, ಜೀನ್ ಕತ್ತರಿಸಲು ಬಳಸುವ ಬ್ಯಾಕ್ಟೀರಿಯಾದ ಕ್ಯಾಸ್9, ಇವುಗಳಲ್ಲಿ ಯಾವುದೂ ಇಲಿಯ ಸ್ವಂತದ್ದಲ್ಲ. ಗಡ್ಡೆಯ ಕೋಶ ಇವನ್ನು ತಯಾರಿಸಿದರೆ ಅವುಗಳ ತುಣುಕು ಕೋಶದ ಮೇಲ್ಮೈಗೆ ಬರುತ್ತದೆ, ಕೊಲ್ಲುವ ಕೆಲಸದ ಸಿಡಿ8 ಟಿ ಕೋಶ ಅದನ್ನು ಗುರುತಿಸುತ್ತದೆ. ಜಿಎಫ್‌ಪಿಯ ಕಾಟ ಬಾಲ್ಬ್/ಸಿಯಲ್ಲಿ ಹೆಚ್ಚು, ಸಿ57ಬಿಎಲ್/6ರಲ್ಲಿ ಕಡಿಮೆ. ಒಂದು ತಳಿಯಲ್ಲಿ ಸರಾಗವಾಗಿ ನಡೆದ ಪ್ರಯೋಗ ಇನ್ನೊಂದರಲ್ಲಿ ಏಕೆ ನಡೆಯಲಿಲ್ಲ ಎಂದು ತಲೆ ಕೆಡಿಸಿಕೊಂಡವರು ಇದನ್ನು ನೆನಪಿಡಬೇಕು. ಕ್ಯಾಸ್9 ಅನ್ನು ಕಾಯಂ ಆಗಿ ತಯಾರಿಸುವ ಗಡ್ಡೆಕೋಶಗಳನ್ನು ಸಾಮಾನ್ಯ ಇಲಿಗಳು ಟಿ ಕೋಶಗಳ ನೆರವಿನಿಂದ ತಿರಸ್ಕರಿಸಬಲ್ಲವೆಂದು 2019ರಲ್ಲಿ ತೋರಿಸಲಾಗಿದೆ. ಜೀನ್ ಒಂದನ್ನು ಕತ್ತರಿಸಿದ್ದರಿಂದ ಗಡ್ಡೆ ಕುಗ್ಗಿತೋ, ಕತ್ತರಿ ಒಳಗೇ ಉಳಿದದ್ದರಿಂದ ಕುಗ್ಗಿತೋ ಎಂಬುದು ಆಗ ಗೊತ್ತಾಗುವುದಿಲ್ಲ. ಕತ್ತರಿಸಿ ಮಾಯವಾಗುವಂತೆ ಕ್ಯಾಸ್9 ಪ್ರೋಟೀನನ್ನೇ ನೇರ ಕೋಶಕ್ಕೆ ಕೊಡುವುದು ಇದಕ್ಕೆ ಪರಿಹಾರ.

ನಮ್ಮ ಸಿಟಿ26ರಲ್ಲಿ ಲೂಸಿಫೆರೇಸ್ ಇತ್ತು. ಫ್ರೀಜರಿನಲ್ಲಿ ಇದ್ದ ಟ್ಯೂಬು ಅದೊಂದೇ, ಅದನ್ನೇ ತೆಗೆದು ಬೆಳೆಸಿದ್ದೆವು.

ಪತ್ತೆ ಮಾಡಲು ನಾಲ್ಕು ಗುಂಪು ಸಾಕು. ಗುರುತು ಹಾಕಿದ ಕೋಶ ಮತ್ತು ಹಾಕದ ಮೂಲ ಕೋಶ, ಇವೆರಡನ್ನೂ ಸಾಮಾನ್ಯ ಇಲಿಗೆ ಒಮ್ಮೆ, ಟಿ ಕೋಶವಿಲ್ಲದ ಇಲಿಗೆ ಒಮ್ಮೆ ಕೊಡಿ. ಗುರುತಿನ ಕೋಶ ಎರಡೂ ಕಡೆ ಬೆಳೆಯದಿದ್ದರೆ ಕೋಶವೇ ಸೊರಗಿದೆ: ಹೆಚ್ಚು ಸಲ ಪಾಸೇಜ್ ಮಾಡಿರಬಹುದು (ಹೊಸ ಪಾತ್ರೆಗೆ ದಾಟಿಸಿ ಬೆಳೆಸಿರಬಹುದು), ಅರ್ಧ ಸತ್ತ ಕೋಶ ಚುಚ್ಚಿರಬಹುದು. ಟಿ ಕೋಶವಿಲ್ಲದ ಕಡೆ ಬೆಳೆದು ಸಾಮಾನ್ಯ ಇಲಿಯಲ್ಲಿ ಮಾತ್ರ ಕರಗಿದರೆ, ಮೂಲ ಕೋಶ ಎರಡೂ ಕಡೆ ಬೆಳೆದರೆ, ಗುರುತೇ ಅಪರಾಧಿ. ನಮಗೆ ಬಂದ ಉತ್ತರ ಇದೇ.

ಗುರುತನ್ನು ಬಿಡಲಾಗದಿದ್ದರೆ ಇನ್ನೊಂದು ಸುಳುಹು ಗಮನಿಸಿ. ಇಮೇಜಿಂಗ್ ಯಂತ್ರದಲ್ಲಿ ಬೆಳಕು ಕುಗ್ಗುತ್ತಿದೆ, ಆದರೆ ಕ್ಯಾಲಿಪರಿನ ಅಳತೆ ಏರುತ್ತಿದೆ ಎಂದಾದರೆ ಗಡ್ಡೆ ಸಾಯುತ್ತಿಲ್ಲ. ಲೂಸಿಫೆರೇಸ್ ಇರುವ ಕೋಶಗಳನ್ನು ಟಿ ಕೋಶ ಆರಿಸಿ ಕೊಂದಿದೆ, ಇಲ್ಲದವು ಹಬ್ಬುತ್ತಿವೆ. ಅಥವಾ ಗಡ್ಡೆಯ ನಡುಭಾಗಕ್ಕೆ ಆಮ್ಲಜನಕ ತಲುಪುತ್ತಿಲ್ಲ. ಈ ಕಿಣ್ವಕ್ಕೆ ಬೆಳಗಲು ಆಮ್ಲಜನಕವೂ ಕೋಶದ ಇಂಧನವಾದ ಎಟಿಪಿಯೂ ಬೇಕು. ಬಿ16ರಂತಹ ಮೆಲನಿನ್ ತುಂಬಿದ ಗಡ್ಡೆಯಲ್ಲಂತೂ ಬಣ್ಣವೇ ಬೆಳಕನ್ನು ನುಂಗುತ್ತದೆ.

ಇನ್ನು ಕೆಲವು ಸಣ್ಣ ಶಂಕಿತರು. ಗಂಡು ಇಲಿಯ ಕೋಶವನ್ನು ಹೆಣ್ಣು ಇಲಿಗೆ ಕೊಟ್ಟರೆ ವೈ ವರ್ಣತಂತುವಿನ ಪ್ರೋಟೀನುಗಳೇ ಪರಕೀಯ. ಒಂದೇ ತಳಿಯೊಳಗೂ ಹೆಣ್ಣು ಇಲಿ ಗಂಡಿನ ಚರ್ಮವನ್ನು ಹೊರದಬ್ಬುವುದನ್ನು 1955ರಲ್ಲೇ ಕಂಡಿದ್ದರು. ಕರುವಿನ ಸೀರಮ್‌ನಲ್ಲಿ ಬೆಳೆದ ಕೋಶವನ್ನು ಸರಿಯಾಗಿ ತೊಳೆಯದೆ ಚುಚ್ಚಿದರೆ ಇಲಿಗೆ ಹಸುವಿನ ಪ್ರೋಟೀನಿನ ಲಸಿಕೆ ಹಾಕಿದಂತೆ. ಡೆಂಡ್ರೈಟಿಕ್ ಕೋಶದ (ಪರಕೀಯದ ತುಣುಕನ್ನು ಟಿ ಕೋಶಗಳಿಗೆ ತೋರಿಸುವ ಕೋಶ) ಲಸಿಕೆ ಮಾಡುವವರಿಗೆ ಇದು ದೊಡ್ಡ ತಲೆನೋವು. ಕಂಟ್ರೋಲ್ ಗುಂಪಿನ ಕೋಶಗಳೂ ಅದೇ ಸೀರಮ್ ಬಾಟಲಿಯಲ್ಲಿ ಬೆಳೆದಿರಬೇಕು.

ಸಿಟಿ26ಕ್ಕೆ ಅದರದ್ದೇ ಒಂದು ಗುಟ್ಟು ಬೇರೆ ಇದೆ. ಇಲಿಯ ಜೀನೋಮಿನಲ್ಲಿ ಹುದುಗಿರುವ ಹಳೆಯ ರೆಟ್ರೋವೈರಸ್ಸಿನ ಜಿಪಿ70 ಪ್ರೋಟೀನನ್ನು ಈ ಕೋಶ ಹೇರಳವಾಗಿ ತಯಾರಿಸುತ್ತದೆ. ಸಿಡಿ8 ಕೋಶಗಳ ಮುಖ್ಯ ಗುರಿ ಅದರದೇ ಒಂದು ತುಣುಕು, ಎಎಚ್1. ಆದ್ದರಿಂದ ಸಿಟಿ26ರಲ್ಲಿ ಗೆದ್ದ ಚಿಕಿತ್ಸೆ ಮನುಷ್ಯರ ಕರುಳಿನ ಕ್ಯಾನ್ಸರಿನಲ್ಲೂ ಗೆಲ್ಲುತ್ತದೆಂದು ಹೇಳುವವರ ಮಾತನ್ನು ಸ್ವಲ್ಪ ಕಡಿಮೆ ಬೆಲೆಗೆ ಕೊಳ್ಳಿ.

ಲಕ್ಷಣ: ಪ್ರೋಟೀನು ಹಾಕಿದೊಡನೆ ಡೆಂಡ್ರೈಟಿಕ್ ಕೋಶ ಧಿಗ್ಗನೆ ಎದ್ದಿತು

ನಮ್ಮ ಎರಡನೆಯ ದೋಷ ಇಲ್ಲಿತ್ತು. ಲೂಸಿಫೆರೇಸಿನ ವಿಷಯ ತಿಳಿದ ಮೇಲೂ ಪ್ರೋಟೀನಿನ ಮೇಲೆ ನಮಗೆ ನಂಬಿಕೆ ಉಳಿದಿತ್ತು, ಏಕೆಂದರೆ ಪ್ಲೇಟಿನಲ್ಲಿ ಅದು ಅದ್ಭುತವಾಗಿ ಕೆಲಸ ಮಾಡುತ್ತಿತ್ತು. ಮೂಳೆಮಜ್ಜೆಯಿಂದ ಬೆಳೆಸಿದ ಡೆಂಡ್ರೈಟಿಕ್ ಕೋಶಗಳಿಗೆ ಹಾಕಿದರೆ ಮರುದಿನ ಎಚ್ಚೆತ್ತ ಕೋಶದ ಗುರುತಾದ ಸಿಡಿ86 ಏರಿರುತ್ತಿತ್ತು, ಟಿ ಕೋಶಗಳನ್ನು ಹುರಿದುಂಬಿಸುವ ಐಎಲ್-12 ಸುರಿಯುತ್ತಿತ್ತು. ಬರೀ ಬಫರ್ (ಪ್ರೋಟೀನು ಕರಗಿಸುವ ದ್ರಾವಣ) ಹಾಕಿದ ಪ್ಲೇಟಿನ ಗುಳಿಯಲ್ಲಿ ಏನೂ ಇಲ್ಲ. ಇನ್ನೇನು ಬೇಕು?

ಬೇಕಾಗಿದ್ದದ್ದು, ಅದೇ ಇ. ಕೊಲೈಯಲ್ಲಿ, ಅದೇ ಶುದ್ಧೀಕರಣ ಕಾಲಮ್ಮಿನಲ್ಲಿ, ಅದೇ ದಿನ ತಯಾರಿಸಿದ ಸಂಬಂಧವಿಲ್ಲದ ಇನ್ನೊಂದು ಪ್ರೋಟೀನು. ಬಫರ್ ಎಂಬುದು ಕಂಟ್ರೋಲ್ ಅಲ್ಲ, ಅದು ಬ್ಯಾಕ್ಟೀರಿಯಾವನ್ನು ಕಂಡೇ ಇಲ್ಲ. ಇ. ಕೊಲೈಯ ಹೊರಪೊರೆಯ ಎಲ್‌ಪಿಎಸ್, ಅಂದರೆ ಎಂಡೋಟಾಕ್ಸಿನ್, ಪ್ರೋಟೀನಿಗೆ ಅಂಟಿಕೊಂಡು ಕಾಲಮ್ ದಾಟಿ ಬರುತ್ತದೆ. ಮನುಷ್ಯರ ಮಾನೊಸೈಟ್‌ಗಳಿಗೆ ಮಿಲಿಲೀಟರಿಗೆ ಕೆಲವು ಹತ್ತು ಪಿಕೋಗ್ರಾಂ ಸಿಕ್ಕರೂ ಸಾಕು. ಜೆಲ್ ಮೇಲೆ ಒಂದೇ ಪಟ್ಟಿ ಕಂಡಿತೆಂದು ಸಮಾಧಾನ ಪಡಬೇಡಿ, ಎಲ್‌ಪಿಎಸ್ ಪ್ರೋಟೀನಿಗೆ ಹಚ್ಚುವ ಕುಮಾಸಿ ಬಣ್ಣಕ್ಕೆ ಸಿಗುವುದೇ ಇಲ್ಲ.

ಇದರಲ್ಲಿ ಬಿದ್ದವರು ನಾವೊಬ್ಬರೇ ಅಲ್ಲ. 1990ರ ದಶಕದ ಕೊನೆಯಿಂದ ಕೆಲವು ವರ್ಷ, ಹೀಟ್ ಶಾಕ್ ಪ್ರೋಟೀನುಗಳು (ಎಚ್‌ಎಸ್‌ಪಿ, ಒತ್ತಡದಲ್ಲಿ ಕೋಶ ತಯಾರಿಸುವವು) ತಾವೇ ಸೈಟೊಕೈನುಗಳಂತೆ (ಕೋಶಗಳ ನಡುವಿನ ಸಂದೇಶದ ಪ್ರೋಟೀನುಗಳು) ಪ್ರತಿರಕ್ಷಾ ಕೋಶಗಳನ್ನು ಬಡಿದೆಬ್ಬಿಸುತ್ತವೆ ಎಂಬ ವರದಿಗಳು ಸಾಲಾಗಿ ಬಂದವು. ಸಾಯುತ್ತಿರುವ ಗಡ್ಡೆಕೋಶ ಅಪಾಯದ ಕೂಗು ಹಾಕುವುದು ಹೀಗೆಯೇ ಎಂಬ ಸುಂದರವಾದ ಕಥೆಯೂ ಅದರ ಸುತ್ತ ಬೆಳೆಯಿತು. 2003ರಲ್ಲಿ ಗಾವೋ ಮತ್ತು ತ್ಸಾನ್ ಎಂಡೋಟಾಕ್ಸಿನ್ ತೀರಾ ಕಡಿಮೆ ಇರುವ ಎಚ್‌ಎಸ್‌ಪಿ70 ಬಳಸಿ ನೋಡಿದಾಗ ಮ್ಯಾಕ್ರೊಫೇಜ್‌ಗಳು (ಕೊಳೆ ನುಂಗುವ ಪ್ರತಿರಕ್ಷಾ ಕೋಶಗಳು) ಉರಿಯೂತ ಎಬ್ಬಿಸುವ ಟಿಎನ್‌ಎಫ್ ಬಿಡಲೇ ಇಲ್ಲ. ಪ್ರೋಟೀನಿನ ಪ್ರಭಾವ ಎಂದುಕೊಂಡದ್ದು ಕೊಳೆಯ ಪ್ರಭಾವವಾಗಿತ್ತು. ಎಚ್‌ಎಸ್‌ಪಿಗಳು ಗಡ್ಡೆಯ ಪೆಪ್ಟೈಡ್ ಹೊತ್ತು ಸಾಗಿಸುವ ವಿಚಾರ ಬೇರೆ, ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದಕ್ಕೆ ನಮ್ಮ ಕ್ಷೇತ್ರದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಪರೀಕ್ಷೆಗಳಲ್ಲಿ ಅಗ್ಗವಾದದ್ದು ಕುದಿಸುವುದು. ಪ್ರೋಟೀನನ್ನು ಹತ್ತಿಪ್ಪತ್ತು ನಿಮಿಷ ಕುದಿಸಿ, ಆರಿಸಿ, ಕೋಶಕ್ಕೆ ಹಾಕಿ. ಪ್ರೋಟೀನು ಮುದುಡಿಹೋಗಿರುತ್ತದೆ, ಎಲ್‌ಪಿಎಸ್ ಜಗ್ಗುವುದಿಲ್ಲ. ಪರಿಣಾಮ ಹಾಗೆಯೇ ಉಳಿದರೆ ಅದು ಪ್ರೋಟೀನಿನದ್ದಲ್ಲ. ಗಂಟೆಗಟ್ಟಲೆ ಕುದಿಸಬೇಡಿ, ತೀರಾ ಕಡಿಮೆ ಪ್ರಮಾಣದ ಎಲ್‌ಪಿಎಸ್ ಆಗ ಮೆತ್ತಗಾಗಿ ದಾರಿ ತಪ್ಪಿಸುತ್ತದೆ. ಎರಡನೆಯದು ಪಾಲಿಮಿಕ್ಸಿನ್ ಬಿ. ಅದು ಎಲ್‌ಪಿಎಸ್ ಅನ್ನು ಹಿಡಿದಿಡುತ್ತದೆ, ಆದರೆ ಫ್ಲಾಜೆಲಿನ್, ಲೈಪೊಪ್ರೋಟೀನು ಇತ್ಯಾದಿ ಉಳಿದ ಬ್ಯಾಕ್ಟೀರಿಯಾ ಕೊಳೆಯನ್ನು ಮುಟ್ಟುವುದಿಲ್ಲ. ಮೂರನೆಯದು ಎಲ್‌ಪಿಎಸ್ ಗುರುತಿಸುವ ಟಿಎಲ್‌ಆರ್4 ಗ್ರಾಹಕ ಕೆಟ್ಟಿರುವ ಸಿ3ಎಚ್/ಎಚ್‌ಇಜೆ ಇಲಿಯ ಕೋಶ. ನಾಲ್ಕನೆಯದು ಹಾರ್ಸ್‌ಶೂ ಏಡಿಯ ರಕ್ತದಿಂದ ಮಾಡುವ ಎಲ್‌ಎಎಲ್ ಪರೀಕ್ಷೆ. ಇದರಲ್ಲಿ 1 ಎಂಡೋಟಾಕ್ಸಿನ್ ಯೂನಿಟ್ ಎಂದರೆ ಸುಮಾರು 100 ಪಿಕೋಗ್ರಾಂ. ಯೀಸ್ಟಿನ ಅಥವಾ ಸೆಲ್ಯುಲೋಸ್ ಫಿಲ್ಟರಿನ ಬೀಟಾ-ಗ್ಲೂಕಾನ್ ಇದ್ದರೆ ಎಲ್‌ಎಎಲ್ ಸುಳ್ಳು ಹೇಳುತ್ತದೆ.

ನಾವು ಕುದಿಸಿದೆವು. ಸಿಡಿ86 ಒಂದಿಷ್ಟೂ ಇಳಿಯಲಿಲ್ಲ.

ಶುದ್ಧೀಕರಣಕ್ಕೆ ಹೊರಡುವವರಿಗೆ ಒಂದು ಕಿವಿಮಾತು: ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಂಡೋಟಾಕ್ಸಿನ್ ಅನ್ನು ಅಲ್ಲ. ಗಾಜಿನ ಸಾಮಾನನ್ನು 250 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಶಾಖಕ್ಕೆ ಇಡಬೇಕು. ನೀರಿನ ಶುದ್ಧೀಕರಣ ಯಂತ್ರದ ಕಾರ್ಟ್ರಿಡ್ಜ್ ಬದಲಿಸಿ ಎಷ್ಟು ಕಾಲವಾಯಿತೆಂದು ನಿಮ್ಮ ಲ್ಯಾಬಿನಲ್ಲಿ ಒಮ್ಮೆ ಕೇಳಿ ನೋಡಿ. ಎಲ್ಲರೂ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ.

ಲಕ್ಷಣ: ಗಡ್ಡೆಕೋಶದ ಸೂಪರ್‌ನೇಟಂಟ್ ಟಿ ಕೋಶಗಳನ್ನು ಅಡಗಿಸುತ್ತಿದೆ

ಗಡ್ಡೆಕೋಶ ಬೆಳೆಸಿದ ಮೀಡಿಯಾವನ್ನು (ಸೂಪರ್‌ನೇಟಂಟ್ ಎಂದರೆ ಈ ಪೋಷಕ ದ್ರವವೇ) ಟಿ ಕೋಶಗಳಿಗೆ ಹಾಕಿದರೆ ಅವು ವಿಭಜಿಸುವುದಿಲ್ಲ. ಗಡ್ಡೆ ಯಾವುದೋ ಅಡಗಿಸುವ ದ್ರವ್ಯ ಬಿಡುತ್ತಿದೆ ಎಂದು ಕೂಡಲೇ ಹೊಳೆಯುತ್ತದೆ. ಬಿಡುತ್ತಿರಲೂಬಹುದು. ಆದರೆ ಮೊದಲು ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿ.

ಕಲ್ಚರುಗಳಲ್ಲಿ ನೂರಕ್ಕೆ 15ರಿಂದ 35ರಷ್ಟು ಮೈಕೊಪ್ಲಾಸ್ಮಾ ಹೊತ್ತಿರುತ್ತವೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಇದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟುವುದಿಲ್ಲ. ಮೈ ಬಗ್ಗಿಸಿ 0.2 ಮೈಕ್ರಾನ್ ಫಿಲ್ಟರಿನೊಳಗೂ ನುಸುಳುತ್ತದೆ. ಮೀಡಿಯಾ ಕಲಕುವುದಿಲ್ಲ, ವಾಸನೆ ಬರುವುದಿಲ್ಲ. ಕಾಟವೆಂದರೆ, ಅದರ ಹಲವು ಪ್ರಭೇದಗಳು ಅರ್ಜಿನಿನ್ ಅಮೈನೊ ಆಮ್ಲವನ್ನು ತಿಂದು ಮುಗಿಸುತ್ತವೆ. ಅರ್ಜಿನಿನ್ ಇಲ್ಲದೆ ಟಿ ಕೋಶ ವಿಭಜಿಸದು. ಮೈಕೊಪ್ಲಾಸ್ಮಾ ಊಟ ಮಾಡಿದ್ದಕ್ಕೆ ಗಡ್ಡೆಯ ಮೇಲೆ ದೂರು: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದರ ಲೈಪೊಪ್ರೋಟೀನುಗಳು ಟಿಎಲ್‌ಆರ್2 ಮೂಲಕ ಮ್ಯಾಕ್ರೊಫೇಜ್‌ಗಳನ್ನು ಎಬ್ಬಿಸುವುದರಿಂದ, ಒಂದೇ ಕೊಳಕು ಕಲ್ಚರು ಒಂದು ಪ್ಲೇಟಿನಲ್ಲಿ ಅಡಗಿಸಿದಂತೆಯೂ ಇನ್ನೊಂದರಲ್ಲಿ ಕೆರಳಿಸಿದಂತೆಯೂ ಕಾಣಬಹುದು.

ಅರ್ಜಿನಿನ್ ಮರಳಿ ಸೇರಿಸಿದರೆ ಟಿ ಕೋಶ ಚೇತರಿಸಿಕೊಳ್ಳುತ್ತದೆ, ಹಾಗೆಂದು ಅಷ್ಟರಿಂದಲೇ ತೀರ್ಪು ಕೊಡಲಾಗದು. ಗಡ್ಡೆಯೊಳಗಿನ ಮೈಲಾಯ್ಡ್ ಕೋಶಗಳ (ಮ್ಯಾಕ್ರೊಫೇಜ್ ಮೊದಲಾದವು) ಆರ್ಜಿನೇಸ್ ಕಿಣ್ವ ಕೂಡ ಅದೇ ಕೆಲಸ ಮಾಡುತ್ತದೆ, ಅದು ನಿಜವಾದ ಜೀವಶಾಸ್ತ್ರ. ಅದಕ್ಕೇ ಪಿಸಿಆರ್ ಮೊದಲು ಎಂದದ್ದು. ಪರೀಕ್ಷೆಗೆ ಮುನ್ನ ಒಂದೆರಡು ವಾರ ಆಂಟಿಬಯೋಟಿಕ್ ಇಲ್ಲದೆ ಬೆಳೆಸಿ, ಇಲ್ಲದಿದ್ದರೆ ಅದು ಕಾಣದಷ್ಟು ಕೆಳಗೆ ಅಡಗಿ ಕೂತಿರುತ್ತದೆ.

ಹಳೆಯ ಟ್ರಿಷಿಯಂ ಥೈಮಿಡಿನ್ ವಿಧಾನ (ವಿಭಜಿಸುವ ಕೋಶ ಎಷ್ಟು ವಿಕಿರಣದ ಥೈಮಿಡಿನ್ ಹೀರಿತೆಂದು ಎಣಿಸುವುದು) ಇನ್ನೂ ಬಳಸುವವರಿಗೆ ಎರಡು ಹೊಂಡಗಳಿವೆ. ಮೈಕೊಪ್ಲಾಸ್ಮಾ ಥೈಮಿಡಿನನ್ನು ಒಡೆಯುತ್ತದೆ. ಮ್ಯಾಕ್ರೊಫೇಜ್‌ಗಳು ವಿಕಿರಣವಿಲ್ಲದ ಥೈಮಿಡಿನನ್ನು ತಾವೇ ಬಿಟ್ಟು ವಿಕಿರಣದ್ದನ್ನು ತೆಳುಮಾಡುತ್ತವೆ. ಎರಡರಲ್ಲೂ ಎಣಿಕೆ ಇಳಿಯುತ್ತದೆ, ಟಿ ಕೋಶ ಮಾತ್ರ ಹಾಯಾಗಿ ವಿಭಜಿಸುತ್ತಿರುತ್ತದೆ. ಸಿಎಫ್‌ಎಸ್‌ಇ ಬಣ್ಣ ಹಚ್ಚಿ ಪ್ರತಿ ವಿಭಜನೆಗೂ ಅರ್ಧವಾಗುವುದನ್ನು ಫ್ಲೋದಲ್ಲಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಬಣ್ಣ ಅಳೆಯುವ ಫ್ಲೋ ಸೈಟೊಮೆಟ್ರಿ) ನೋಡಿದರೆ ಈ ಜಗಳವೇ ಇಲ್ಲ. ಇನ್ನೂ ಸರಳವಾದ ಕಾರಣವೊಂದಿದೆ, ನಾಚಿಕೆಯಾಗುವಷ್ಟು ಸರಳ: ಮೂರು ದಿನ ತುಂಬಿ ತುಳುಕಿದ ಫ್ಲಾಸ್ಕಿನ ಮೀಡಿಯಾದಲ್ಲಿ ಗ್ಲೂಕೋಸೇ ಉಳಿದಿಲ್ಲ, ಹಳದಿಯಾಗಿ ಹುಳಿಯೇರಿದೆ. ಅಷ್ಟೇ ಸಂಖ್ಯೆಯ ಫೈಬ್ರೊಬ್ಲಾಸ್ಟ್ (ಕ್ಯಾನ್ಸರಲ್ಲದ ಕೋಶ) ಬೆಳೆಸಿದ ಮೀಡಿಯಾವನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಲಕ್ಷಣ: ಫ್ಲೋದಲ್ಲಿ ಕೋಶಗಳು ಮಾಯ, ಅಥವಾ ಎಲ್ಲೂ ಇರದ ಕೋಶಗಳು ಹಾಜರ್

ನಮ್ಮ ಮೂರನೆಯ ದೋಷ ಇಲ್ಲಿದೆ. ಇಡೀ ಕೈಪಿಡಿಯಲ್ಲಿ ಹೆಚ್ಚು ಕಾಲ ತಿನ್ನುವ ಭಾಗವೂ ಇದೇ.

ಗಡ್ಡೆ ಕರಗಿಸಿದ್ದು ಸಿಡಿ8 ಕೋಶಗಳೇ ಎಂದು ತೋರಿಸಲು ಅವನ್ನು ಪ್ರತಿಕಾಯ ಕೊಟ್ಟು ಖಾಲಿ ಮಾಡಿದ್ದೆವು. ಖಾಲಿಯಾದವೇ ಎಂದು ರಕ್ತ ತೆಗೆದು ನೋಡಿದರೆ ಸಿಡಿ8 ಸೊನ್ನೆ. ಆದರೂ ಗಡ್ಡೆ ಕರಗಿತು! ಸಿಡಿ8 ಇಲ್ಲದೆಯೂ ನಡೆಯುವ ಹೊಸ ದಾರಿ ಎಂದು ವೈಟ್‌ಬೋರ್ಡಿನ ಮೇಲೆ ಬಾಣಗಳನ್ನು ಬರೆದದ್ದೂ ಆಯಿತು.

ಕೋಶಗಳು ಎಲ್ಲಿಗೂ ಹೋಗಿರಲಿಲ್ಲ. ಖಾಲಿ ಮಾಡಲು ಕೊಟ್ಟ ಪ್ರತಿಕಾಯವೂ ಬಣ್ಣ ಹಚ್ಚಲು ಬಳಸಿದ ಪ್ರತಿಕಾಯವೂ ಸಿಡಿ8 ಆಲ್ಫಾದ ಒಂದೇ ಜಾಗಕ್ಕೆ ಕೂರುವಂಥವು. ಮೊದಲನೆಯದು ಕುರ್ಚಿ ಹಿಡಿದು ಕೂತಿದೆ, ಎರಡನೆಯದಕ್ಕೆ ಜಾಗವಿಲ್ಲ, ಯಂತ್ರಕ್ಕೆ ಕತ್ತಲೆ. ನಮ್ಮ ಡೋಸ್ ಸಾಲದೆ ಅರ್ಧದಷ್ಟು ಕೋಶ ಬದುಕಿದ್ದವು. ಖಾಲಿಯಾದದ್ದನ್ನು ನೋಡಲು ಸಿಡಿ8 ಬೀಟಾ ಸರಪಳಿಯ ಪ್ರತಿಕಾಯ ಬಳಸಿ. ಸಹಾಯಕ ಟಿ ಕೋಶಗಳ ಗುರುತಾದ ಸಿಡಿ4 ಅನ್ನು ಜಿಕೆ1.5 ಪ್ರತಿಕಾಯದಿಂದ ಖಾಲಿ ಮಾಡಿದ್ದರೆ ಆರ್‌ಎಂ4-4ರಿಂದ ನೋಡಿ, ಆರ್‌ಎಂ4-5ರಿಂದ ಅಲ್ಲ. ನ್ಯೂಟ್ರೊಫಿಲ್‌ಗಳನ್ನು ಜಿಆರ್-1 ಪ್ರತಿಕಾಯದಿಂದ ಖಾಲಿ ಮಾಡುವವರಿಗೂ ಲೈ6ಜಿ ವಿಷಯದಲ್ಲಿ ಇದೇ ಬಲೆ. ಟಿ ಕೋಶದ ಬ್ರೇಕಾದ ಪಿಡಿ-1, ಅಥವಾ ಆ ಬ್ರೇಕನ್ನು ಒತ್ತುವ ಪಿಡಿ-ಎಲ್1, ಇವುಗಳ ವಿರುದ್ಧ ಪ್ರತಿಕಾಯದ ಚಿಕಿತ್ಸೆ ಕೊಟ್ಟ ಇಲಿಯಲ್ಲಿ ಪಿಡಿ-1 ಇಳಿಯಿತು ಎಂದು ಬರೆಯುವ ಮುನ್ನ ಒಂದು ಟ್ಯೂಬಿನಲ್ಲಿ ಪರೀಕ್ಷಿಸಿ: ಚಿಕಿತ್ಸೆಯ ಪ್ರತಿಕಾಯ ಮೊದಲು, ಬಣ್ಣದ್ದು ಆಮೇಲೆ. ಅರ್ಧ ದಿನದ ಕೆಲಸ, ನಮಗೆ ತಿಂಗಳು ಉಳಿಯುತ್ತಿತ್ತು.

ಖಾಲಿ ಮಾಡುವ ಪ್ರತಿಕಾಯಗಳು ತಮ್ಮ ಹೆಸರಿನಷ್ಟು ನಿಖರವಲ್ಲ ಎಂಬುದೂ ಗೊತ್ತಿರಲಿ. ಇಲಿಯ ಗುಲ್ಮದ ಕೆಲವು ಡೆಂಡ್ರೈಟಿಕ್ ಕೋಶಗಳ ಮೇಲೂ ಸಿಡಿ8 ಆಲ್ಫಾ ಇದೆ. ಸಿಡಿ25 ವಿರುದ್ಧದ ಪಿಸಿ61 ಪ್ರತಿಕಾಯ, ಪ್ರತಿರಕ್ಷೆಯನ್ನು ತಡೆಹಿಡಿಯುವ ರೆಗ್ಯುಲೇಟರಿ ಟಿ ಕೋಶಗಳ ಜೊತೆ ಆಗಷ್ಟೇ ಎಚ್ಚೆತ್ತ ಕೆಲಸಗಾರ ಟಿ ಕೋಶಗಳನ್ನೂ ಹಿಡಿಯುತ್ತದೆ. ಎನ್‌ಕೆ ಕೋಶಗಳ (ಟಿ ಕೋಶವಲ್ಲದ ಕೊಲ್ಲುವ ಕೋಶಗಳು) ಗುರುತಾದ ಎನ್‌ಕೆ1.1 ಸಿ57ಬಿಎಲ್/6ರಲ್ಲಿ ಸರಿ, ಬಾಲ್ಬ್/ಸಿಯಲ್ಲಿ ಅದು ಇಲ್ಲವೇ ಇಲ್ಲ.

ಇನ್ನು ಗಡ್ಡೆಯನ್ನು ಕರಗಿಸಿ ಬಿಡಿಕೋಶ ಮಾಡುವ ಹಂತ. ಡಿಸ್ಪೇಸ್, ಟ್ರಿಪ್ಸಿನ್ ಮುಂತಾದ ಕಿಣ್ವಗಳು ಅಂಗಾಂಶದ ಜೊತೆ ಮೇಲ್ಮೈ ಪ್ರೋಟೀನುಗಳನ್ನೂ ಕತ್ತರಿಸುತ್ತವೆ, ಸಿಡಿ4 ಮತ್ತು ಸಿಡಿ8 ಸೇರಿ. ಕೊಲಾಜಿನೇಸಿನ ಲಾಟ್ ಬದಲಾದ ದಿನದಿಂದ ಸಿಡಿ4 ಕೋಶಗಳು ಕಡಿಮೆಯಾದರೆ ಔಷಧಿಯನ್ನು ಅನುಮಾನಿಸಬೇಡಿ. ಗುಲ್ಮದ ಕೋಶಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಕಿಣ್ವ ಹಾಕಿ ಇನ್ನೊಂದಕ್ಕೆ ಹಾಕದೆ ಬಣ್ಣ ಹಚ್ಚಿದರೆ ಗೊತ್ತಾಗುತ್ತದೆ. 37 ಡಿಗ್ರಿಯಲ್ಲಿ ಗಂಟೆ ಹೊತ್ತು ಕಲಕಿದ ಕೋಶಗಳಲ್ಲಿ ಫಾಸ್, ಜೂನ್ ಮತ್ತು ಹೀಟ್ ಶಾಕ್ ಜೀನುಗಳು ಏರುತ್ತವೆ. ಒಂಟಿಕೋಶ ಆರ್‌ಎನ್‌ಎ ನಕ್ಷೆಯಲ್ಲಿ ಅದು ಹೊಸ ಕೋಶವರ್ಗದ ವೇಷದಲ್ಲಿ ಬಂದು ಕೂರುತ್ತದೆ.

ಇರದ ಕೋಶಗಳು ಹುಟ್ಟುವ ಕಾರಣಗಳಲ್ಲಿ ಮೊದಲನೆಯವು ಸತ್ತ ಕೋಶಗಳು. ಅವಕ್ಕೆ ಯಾವ ಪ್ರತಿಕಾಯವಾದರೂ ಅಂಟುತ್ತದೆ, ಗಡ್ಡೆಯಲ್ಲಿ ಅವೇ ರಾಶಿ. ಜೀವಂತ-ಮೃತ ಬಣ್ಣವಿಲ್ಲದ ಗಡ್ಡೆ ಫ್ಲೋವನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಆಮೇಲೆ ಜೋಡಿಗಳು: ಟಿ ಕೋಶವೊಂದು ಮ್ಯಾಕ್ರೊಫೇಜಿಗೆ ಅಂಟಿಕೊಂಡು ಒಟ್ಟಿಗೆ ಲೇಸರ್ ದಾಟಿದರೆ ಟಿ ಕೋಶದ ಸಿಡಿ3ರ ಜೊತೆ ಮ್ಯಾಕ್ರೊಫೇಜಿನ ಸಿಡಿ11ಬಿ ಇರುವ ಅಪರೂಪದ ಕೋಶ ಸಿಕ್ಕಿತೆಂದು ತೋರುತ್ತದೆ. ಗಡ್ಡೆಯ ಮ್ಯಾಕ್ರೊಫೇಜ್‌ಗಳಿಗೆ ಪ್ರತಿಕಾಯದ ಬಾಲ ಹಿಡಿಯುವ ಎಫ್‌ಸಿ ಗ್ರಾಹಕಗಳೂ ಹೆಚ್ಚು, ತಮ್ಮದೇ ಹೊಳಪೂ ಹೆಚ್ಚು, ಹಾಗಾಗಿ ಎಫ್‌ಸಿ ಬ್ಲಾಕ್ ಮತ್ತು ಬಣ್ಣ ಹಚ್ಚದ ಅದೇ ಗಡ್ಡೆಯ ಟ್ಯೂಬು ಎರಡೂ ಬೇಕು. ಗುಲ್ಮದ ಕಂಟ್ರೋಲಿನಲ್ಲಿ ಗೇಟ್ (ಯಾವ ಕೋಶ ಎಣಿಸಬೇಕೆಂಬ ಗಡಿ) ಹಾಕಿ ಗಡ್ಡೆಗೆ ಅದನ್ನೇ ಎಳೆದರೆ ಗೇಟಿನೊಳಗೆ ಏನಾದರೂ ಸಿಕ್ಕೇ ಸಿಗುತ್ತದೆ. ಪಿಇ-ಸಿವೈ7ನಂಥ ಜೋಡಿ ಬಣ್ಣಗಳು ಬೆಳಕು, ಬಿಸಿ ತಾಗಿದರೆ ಒಡೆದು ಬರೀ ಪಿಇಯಾಗಿ ಹೊಳೆಯುತ್ತವೆ. ಬೇಸಿಗೆಯಲ್ಲಿ ಕೊರಿಯರ್ ಪೆಟ್ಟಿಗೆಯ ಜೆಲ್ ಪ್ಯಾಕ್ ಕರಗಿ ಬಂದಿದ್ದರೆ ಆ ಬಾಟಲಿಯನ್ನು ಪರೀಕ್ಷಿಸಿಯೇ ಒಳಗಿಡಿ.

ಶೇಕಡಾವಾರಿನ ಮೋಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉದಾಹರಣೆಗೆ ಗಡ್ಡೆಯಲ್ಲಿ 1000 ಬಿಳಿರಕ್ತಕೋಶ, ಅದರಲ್ಲಿ 100 ಸಿಡಿ8, 600 ನ್ಯೂಟ್ರೊಫಿಲ್ ಎಂದಿಟ್ಟುಕೊಳ್ಳಿ. ಸಿಡಿ8 ಶೇ. 10. ಔಷಧಿ ನ್ಯೂಟ್ರೊಫಿಲ್‌ಗಳನ್ನು 100ಕ್ಕೆ ಇಳಿಸಿತು, ಸಿಡಿ8ಕ್ಕೆ ಏನೂ ಮಾಡಲಿಲ್ಲ. ಈಗ ಒಟ್ಟು 500ರಲ್ಲಿ 100, ಅಂದರೆ ಶೇ. 20. ಸಿಡಿ8 ಇಮ್ಮಡಿಯಾಯಿತು ಎಂದು ಬರೆದರೆ ಅಂಕಿ ಸರಿ, ಅರ್ಥ ತಪ್ಪು. ಎಣಿಕೆಯ ಮಣಿ ಹಾಕಿ ಒಂದು ಮಿಲಿಗ್ರಾಂ ಗಡ್ಡೆಗೆ ಎಷ್ಟು ಕೋಶ ಎಂದು ಕೊಡಿ. ಶ್ವಾಸಕೋಶದ ಗಡ್ಡೆಯಾದರೆ ಎಣಿಸಿದ ಟಿ ಕೋಶಗಳಲ್ಲಿ ಬಹುಪಾಲು ರಕ್ತನಾಳದೊಳಗಿನವೇ ಆಗಿರಬಹುದು. ಇಲಿಯನ್ನು ಕೊಲ್ಲುವ ಮೂರು ನಿಮಿಷ ಮೊದಲು ಬಣ್ಣದ ಸಿಡಿ45 ಪ್ರತಿಕಾಯವನ್ನು ರಕ್ತಕ್ಕೆ ಚುಚ್ಚಿದರೆ ನಾಳದೊಳಗಿನವು ಬಣ್ಣ ಹತ್ತಿಸಿಕೊಳ್ಳುತ್ತವೆ, ಅಂಗಾಂಶದೊಳಗಿನವು ತಪ್ಪಿಸಿಕೊಳ್ಳುತ್ತವೆ.

ಲಕ್ಷಣ: ಹೋದ ಸಲ ಬಂದ ಫಲಿತಾಂಶ ಈ ಸಲ ಬರುತ್ತಿಲ್ಲ

ಬೆಂಚಿನ ಮೇಲೆ ಎಲ್ಲವೂ ಸರಿಯಿದ್ದರೆ ಇಲಿಮನೆಗೆ ನಡೆಯಿರಿ. 2015ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಥಾಮಸ್ ಗಜೆವ್ಸ್ಕಿ ತಂಡ ಒಂದೇ ತಳಿಯ ಇಲಿಗಳನ್ನು ಜ್ಯಾಕ್ಸನ್ ಮತ್ತು ಟ್ಯಾಕೊನಿಕ್ ಎಂಬ ಎರಡು ಕಡೆಯಿಂದ ತರಿಸಿತ್ತು. ಬಿ16 ಗಡ್ಡೆ ಟ್ಯಾಕೊನಿಕ್ ಇಲಿಗಳಲ್ಲಿ ಬೇಗ ಬೆಳೆಯಿತು. ಎರಡನ್ನೂ ಒಂದೇ ಪಂಜರದಲ್ಲಿಟ್ಟರೆ ವ್ಯತ್ಯಾಸ ಅಳಿಸಿಹೋಯಿತು. ಇಲಿಗಳು ಪರಸ್ಪರ ಹಿಕ್ಕೆ ತಿನ್ನುತ್ತವೆ, ಕರುಳಿನ ಬ್ಯಾಕ್ಟೀರಿಯಾ ಹಂಚಿಕೊಳ್ಳುತ್ತವೆ; ಕಾರಣ ಅಲ್ಲಿತ್ತು, ಮುಖ್ಯವಾಗಿ ಬೈಫಿಡೊಬ್ಯಾಕ್ಟೀರಿಯಂ. ಆ ತಂಡ ಅದನ್ನು ಶೋಧನೆಯಾಗಿ ಬದಲಿಸಿಕೊಂಡಿತು. ನಮ್ಮಂಥವರಿಗೆ ಅದೇ ಸಂಗತಿ ದೋಷವಾಗಿ ಎದುರಾಗುತ್ತದೆ: ಔಷಧಿಯ ಐದು ಇಲಿ ಒಂದು ಪಂಜರದಲ್ಲಿ, ಸಲೈನಿನ ಐದು ಇನ್ನೊಂದರಲ್ಲಿ ಇದ್ದರೆ ನಿಮ್ಮ ಬಳಿ ಹತ್ತು ಇಲಿ ಇಲ್ಲ, ಎರಡು ಪಂಜರ ಇವೆ. ಪ್ರತಿ ಪಂಜರದಲ್ಲೂ ಎರಡೂ ಗುಂಪು ಬೆರೆಸಿ, ಕಿವಿಗೆ ಗುರುತು ಹಾಕಿ.

ಒಂದು ಜೀನ್ ಕೆಡಿಸಿದ ನಾಕೌಟ್ ಇಲಿಗೆ ಹೊರಗಿನಿಂದ ಕೊಂಡ ಸಾಮಾನ್ಯ ಇಲಿಯನ್ನು ಕಂಟ್ರೋಲ್ ಮಾಡುವುದೂ ಇದೇ ತಪ್ಪಿನ ದಾಯಾದಿ. ಬ್ಯಾಕ್ಟೀರಿಯಾ ಬೇರೆ, ಜೊತೆಗೆ ಜೀನೂ ಬೇರೆ. 129 ತಳಿಯ ಕೋಶಗಳಲ್ಲಿ ಮಾಡಿದ ಹಳೆಯ ಕ್ಯಾಸ್ಪೇಸ್-1 ನಾಕೌಟ್ ಇಲಿಗಳಲ್ಲಿ ಕ್ಯಾಸ್ಪೇಸ್-11 ಕೂಡ ಕೆಟ್ಟಿತ್ತೆಂದು 2011ರಲ್ಲಿ ತಿಳಿಯಿತು. ಅಲ್ಲಿಯವರೆಗೆ ಎರಡರ ಕೆಲಸವನ್ನೂ ಒಂದರ ತಲೆಗೇ ಕಟ್ಟಲಾಗಿತ್ತು. ಒಂದೇ ತಾಯಿಯ ಮರಿಗಳನ್ನು ಹೋಲಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕೋಣೆಯ ಉಷ್ಣತೆ ಸಹ ಪ್ರಯೋಗದ ಭಾಗ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ. 30 ಡಿಗ್ರಿ ಆಸುಪಾಸಿನಲ್ಲಿಟ್ಟ ಇಲಿಗಳಲ್ಲಿ ಗಡ್ಡೆ ನಿಧಾನ ಬೆಳೆದದ್ದನ್ನೂ, ಅದಕ್ಕೆ ಸಿಡಿ8 ಕೋಶಗಳೇ ಕಾರಣವೆಂಬುದನ್ನೂ 2013ರಲ್ಲಿ ವರದಿ ಮಾಡಲಾಗಿದೆ. ಏಸಿ ಕೆಟ್ಟ ವಾರದ ಅಂಕಿಗಳನ್ನು ಉಳಿದ ವಾರಗಳ ಜೊತೆ ಬೆರೆಸಬೇಡಿ.

4ಟಿ1 ಗಡ್ಡೆಯ ಇಲಿಗಳು ಪಿಡಿ-1 ಪ್ರತಿಕಾಯದ ಮೂರನೆಯ ನಾಲ್ಕನೆಯ ಡೋಸಿಗೆ ಕೂಡಲೇ ಕುಸಿದು ಸತ್ತರೆ ಅದನ್ನು ಚಿಕಿತ್ಸೆಯ ವಿಷಪ್ರಭಾವ ಎನ್ನಬೇಡಿ. ಈ ಪ್ರತಿಕಾಯಗಳನ್ನು ಹೆಚ್ಚಾಗಿ ತಯಾರಿಸಿದ್ದು ಹೆಗ್ಗಣ ಜಾತಿಯ ರ‍್ಯಾಟ್‌ನಲ್ಲಿ. ಇಲಿಗೆ ಅದು ಪರಕೀಯ ಪ್ರೋಟೀನು, ಪದೇ ಪದೇ ಕೊಟ್ಟರೆ ಅಲರ್ಜಿಯ ಆಘಾತ. ಇನ್ನು, ಕೋಶ ಚುಚ್ಚಿದ ಮೂರನೆಯ ದಿನವೇ ಚಿಕಿತ್ಸೆ ಶುರು ಮಾಡಿ ಗಡ್ಡೆ ಗುಣವಾಯಿತು ಎನ್ನುವವರಿಗೆ ನನ್ನದೊಂದು ತಕರಾರು. ಆಗ ಅಲ್ಲಿ ಗಡ್ಡೆಯೇ ಇರಲಿಲ್ಲ, ಗಾಯ ಮತ್ತು ಸತ್ತ ಕೋಶಗಳ ಗುಡ್ಡೆ ಇತ್ತು. ಗಡ್ಡೆ ಅಳೆಯುವಷ್ಟಾದ ಮೇಲೆ, ಗಾತ್ರ ನೋಡಿ ಗುಂಪು ಹಂಚಿ, ಅಳೆಯುವವರಿಗೆ ಗುಂಪು ಗೊತ್ತಿಲ್ಲದಂತೆ ಶುರು ಮಾಡಬೇಕು.

ಲಕ್ಷಣ: ಏನೂ ಆಗಲಿಲ್ಲ

ಬರಬೇಕಾದ ಫಲಿತಾಂಶ ಬಾರದಿದ್ದಾಗ ನಾವು ಅದನ್ನು ಸುಲಭವಾಗಿ ನಂಬುತ್ತೇವೆ. ಅದು ಸಲ್ಲದು. 1974ರಲ್ಲಿ ಓಸಿಯಾಸ್ ಸ್ಟಟ್‌ಮನ್ ಟಿ ಕೋಶ ಬಲಿಯುವ ಥೈಮಸ್ ಗ್ರಂಥಿ ಇಲ್ಲದ ನ್ಯೂಡ್ ಇಲಿಗಳಿಗೆ ಮೀಥೈಲ್‌ಕೊಲಾಂತ್ರೀನ್ ಕೊಟ್ಟರು. ಪ್ರತಿರಕ್ಷೆ ಕ್ಯಾನ್ಸರನ್ನು ಕಾವಲು ಕಾಯುವುದು ನಿಜವಾದರೆ ಇವುಗಳಲ್ಲಿ ಗಡ್ಡೆ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ. ಪ್ರಯೋಗ ಚೊಕ್ಕವಾಗಿತ್ತು, ಕಾವಲಿನ ಕಲ್ಪನೆಯೇ ಸುಮಾರು ಎರಡು ದಶಕ ಮೂಲೆ ಸೇರಿತು. ಆದರೆ ನ್ಯೂಡ್ ಇಲಿಗಳು ಪೂರ್ತಿ ನಿರಾಯುಧವಲ್ಲ. ಅವುಗಳಲ್ಲಿ ಎನ್‌ಕೆ ಕೋಶಗಳಿವೆ, ಆ ಕೋಶಗಳನ್ನು ಗುರುತಿಸಿದ್ದೇ 1975ರಲ್ಲಿ. ಸ್ವಲ್ಪ ಟಿ ಕೋಶಗಳೂ ಇವೆ. ಜೊತೆಗೆ ಅವರು ಬಳಸಿದ ಸಿಬಿಎ/ಎಚ್ ತಳಿಯ ಕಿಣ್ವಗಳು ಆ ರಾಸಾಯನಿಕವನ್ನು ಅದರ ವಿಷರೂಪಕ್ಕೆ ಬಲು ಬೇಗ ಬದಲಿಸುತ್ತವೆ. ಅಷ್ಟು ಜೋರಾದ ವಿಷದ ಮುಂದೆ ಕಾವಲಿದ್ದರೂ ಇಲ್ಲದಿದ್ದರೂ ಒಂದೇ. 2001ರಲ್ಲಿ ರಾಬರ್ಟ್ ಶ್ರೈಬರ್ ತಂಡ ಟಿ, ಬಿ ಎರಡೂ ಕೋಶವಿಲ್ಲದ ರ‍್ಯಾಗ್2 ನಾಕೌಟ್ ಇಲಿಗಳಲ್ಲಿ ಅದೇ ರಾಸಾಯನಿಕ ಬಳಸಿದಾಗ ಗಡ್ಡೆಗಳು ಸ್ಪಷ್ಟವಾಗಿ ಹೆಚ್ಚಿದವು.

ಹಾಗಾಗಿ ಏನೂ ಆಗದಿದ್ದಾಗ ಕೇಳಬೇಕಾದದ್ದು, ಆಗಿದ್ದರೆ ಈ ವ್ಯವಸ್ಥೆಯಲ್ಲಿ ಅದು ಕಾಣುತ್ತಿತ್ತೇ ಎಂದು. ಖಂಡಿತ ಕೆಲಸ ಮಾಡುವ ಚಿಕಿತ್ಸೆಯೊಂದನ್ನು ಪಕ್ಕದ ಗುಂಪಿಗೆ ಕೊಡಿ. ಅದೂ ಕೆಲಸ ಮಾಡದಿದ್ದರೆ ದೋಷ ನಿಮ್ಮ ಮಾದರಿಯಲ್ಲಿದೆ.

ನಮ್ಮ ಪ್ರೋಟೀನಿನ ಕಥೆ ಇನ್ನೂ ಸ್ವಲ್ಪ ಇದೆ. ಎಂಡೋಟಾಕ್ಸಿನ್ ತೆಗೆದು, ಲೂಸಿಫೆರೇಸ್ ಇಲ್ಲದ ಸಿಟಿ26ರಲ್ಲಿ, ಪಂಜರ ಬೆರೆಸಿ, ಪಿಡಿ-1 ಪ್ರತಿಕಾಯದ ಮೂರನೆಯ ಗುಂಪನ್ನೂ ಇಟ್ಟು ಮತ್ತೆ ಮಾಡಿದೆವು. ಪಿಡಿ-1 ಗುಂಪಿನಲ್ಲಿ ಗಡ್ಡೆ ಕುಗ್ಗಿತು. ಪ್ರೋಟೀನಿನ ಗೆರೆ ಮತ್ತು ಸಲೈನಿನ ಗೆರೆ ಇಪ್ಪತ್ತೊಂದು ದಿನ ಒಂದರ ಮೇಲೊಂದು ಸಾಗಿದವು. ಹಳೆಯ ಲೂಸಿಫೆರೇಸ್ ಟ್ಯೂಬುಗಳನ್ನು ಬಿಸಾಡಿಲ್ಲ, ನ್ಯೂಡ್ ಇಲಿಗಳಿಗೆ ಅವು ಸಾಕು. ಮುಚ್ಚಳದ ಮೇಲೆ ಕೆಂಪು ಮಾರ್ಕರಿನಲ್ಲಿ ‘ಬಾಲ್ಬ್/ಸಿಗೆ ಬೇಡ’ ಎಂದು ಬರೆದಿಟ್ಟಿದ್ದೇವೆ.